ಬೋರಲು ಮಲಗಿಸುವುದೂ ಒಂದು ಚಿಕಿತ್ಸೆ



ನಾನು 33 ವರ್ಷಗಳ ಕಾಲ ಪ್ರೌಢಶಾಲೆಯಲ್ಲಿ ವಿಜ್ಞಾನ ಬೋಧಿಸಿ ನಿವೃತ್ತನಾದವನು. ಪ್ರತಿವರ್ಷವೂ ಉಸಿರಾಟದ ಪಾಠ ಬಂದಾಗ ಪ್ರಯೋಗಾಲಯದ ಗಂಟೆಜಾಡಿ, ಎರಡು ಬಲೂನು, ಕೆಳಗೊಂದು ರಬ್ಬರ್ ಹಾಳೆ ಇವುಗಳನ್ನು ತರಗತಿಗೆ ತಂದು, ಹಾಳೆಯನ್ನು ಎಳೆದು ಬಿಟ್ಟು, ವಪೆಯು ಹೇಗೆ ಕೆಲಸ ಮಾಡುತ್ತದೆಂದು ತೋರಿಸುತ್ತಿದ್ದೆ. ಮಕ್ಕಳು ಬಲೂನು ಉಬ್ಬಿದಾಗಲೆಲ್ಲ ಚಪ್ಪಾಳೆ ತಟ್ಟುತ್ತಿದ್ದರು. ಶ್ವಾಸಕೋಶದ ಬಗ್ಗೆ ತಿಳಿಯಬೇಕಾದುದೆಲ್ಲ ನನಗೆ ತಿಳಿದಿದೆ ಎಂಬ ಭಾವನೆ ನನ್ನಲ್ಲಿ ಬಲವಾಗಿಯೇ ಇತ್ತು. ಆ ಭಾವನೆ 2021ರ ಮೇ ತಿಂಗಳ ಒಂದು ರಾತ್ರಿ ಕಳಚಿಬಿದ್ದಿತು. ಅಂದು ನಾನು ಮಾಡಿದ ತಪ್ಪನ್ನು ಹೇಳಿಕೊಂಡೇ ಈ ಲೇಖನವನ್ನು ಆರಂಭಿಸಬೇಕಾಗಿದೆ.

ಕೋವಿಡ್‌ನ ಎರಡನೆಯ ಅಲೆಯ ಕಾಲ. 57 ವರ್ಷದ ನನ್ನ ತಮ್ಮ ಜಿಲ್ಲಾ ಕೇಂದ್ರದ ಆಸ್ಪತ್ರೆಯೊಂದರ ಐಸಿಯುನಲ್ಲಿದ್ದ. ವೆಂಟಿಲೇಟರ್ ಹಾಕಿ ಎರಡು ದಿನವಾಗಿತ್ತು. ಮನೆಯವರನ್ನು ಒಳಗೆ ಬಿಡುತ್ತಿರಲಿಲ್ಲ. ರಾತ್ರಿ ಹತ್ತರ ಸುಮಾರಿಗೆ ನರ್ಸ್ ಒಬ್ಬರು ವಿಡಿಯೋ ಕರೆ ಮಾಡಿ ಅವನನ್ನು ತೋರಿಸಿದರು. ನೋಡಿದರೆ ನನ್ನ ತಮ್ಮ ಬೋರಲು ಬಿದ್ದುಕೊಂಡಿದ್ದಾನೆ. ಮುಖ ಒಂದು ಪಕ್ಕಕ್ಕೆ ಒತ್ತಿಕೊಂಡಿದೆ, ಒಂದು ಕೈ ತಲೆಯ ಬಳಿ ಮೇಲಕ್ಕಿದೆ, ಇನ್ನೊಂದು ಕೆಳಕ್ಕೆ ಚಾಚಿದೆ. ಎದೆಗೆ ಅಂಟಿಸಿದ್ದ ವೈರುಗಳೆಲ್ಲ ಈಗ ಬೆನ್ನಿನ ಮೇಲಿವೆ. ಪಕ್ಕದಲ್ಲಿಯೇ ಕುಳಿತಿದ್ದ ನಮ್ಮ ತಾಯಿ ಗಾಬರಿಯಿಂದ, "ಅಯ್ಯೋ, ಯಾಕೋ ಮಗೂನ ಬೋರಲು ಹಾಕಿದಾರೆ?" ಎಂದರು. ನಮ್ಮ ಕಡೆ ದೊಡ್ಡವರು ಬೋರಲು ಮಲಗುವುದನ್ನು ಹಿರಿಯರು ಶುಭವೆಂದು ಎಣಿಸುವುದಿಲ್ಲ. ನಾವು ಚಿಕ್ಕವರಿದ್ದಾಗ ಹಾಗೆ ಮಲಗಿದರೆ ಬೆನ್ನ ಮೇಲೊಂದು ಏಟು ಬೀಳುತ್ತಿತ್ತು.

ನಾನು ಮಾಡಿದ್ದೇನು? ನರ್ಸ್ ಮೇಲೆ ರೇಗಿದೆ. "ಉಸಿರೇ ಆಡದವನನ್ನು ಎದೆಯ ಮೇಲೆ ಭಾರ ಬೀಳುವ ಹಾಗೆ ಮಲಗಿಸಿದ್ದೀರಲ್ಲ, ಮೊದಲು ಸರಿಯಾಗಿ ಮಲಗಿಸಿ" ಎಂದು ಗದರಿದೆ. ಆಕೆ ಏನೂ ಎದುರಾಡದೆ ಫೋನನ್ನು ವೈದ್ಯರಿಗೆ ಕೊಟ್ಟರು. ಅವರು ತೀರ ಚಿಕ್ಕ ವಯಸ್ಸಿನವರು. ಆಯಾಸದಿಂದ ಧ್ವನಿ ಬಿದ್ದುಹೋಗಿತ್ತು. ಆದರೂ ತಾಳ್ಮೆಗೆಡದೆ, "ಸರ್, ಅವರ ಶ್ವಾಸಕೋಶದ ಬೆನ್ನಿನ ಭಾಗ ಪೂರ್ತಿ ಮುಚ್ಚಿಕೊಂಡಿದೆ. ಅದನ್ನು ತೆರೆಯೋದಕ್ಕೆ ಹೀಗೆ ಮಲಗಿಸಿದ್ದೀವಿ. ನಾಳೆ ಮಧ್ಯಾಹ್ನದವರೆಗೂ ಹೀಗೇ ಇರ್ತಾರೆ. ನೀವು ಬೇಡ ಅಂದ್ರೆ ಬರೆದುಕೊಡಬೇಕಾಗುತ್ತೆ" ಎಂದರು. ಬರೆದುಕೊಡಬೇಕೆಂಬ ಮಾತು ಕೇಳಿ ನಾನು ಸುಮ್ಮನಾದೆನೇ ಹೊರತು ವಿಷಯ ಅರ್ಥವಾಗಿ ಅಲ್ಲ. ಅರ್ಥವಾದದ್ದು ಆಮೇಲೆ, ರಾತ್ರಿಯೆಲ್ಲ ನಿದ್ದೆ ಬಾರದೆ ಓದುತ್ತ ಕುಳಿತಾಗ, ಮತ್ತು ಅನಂತರದ ವರ್ಷಗಳಲ್ಲಿ.

ಓದಿ ತಿಳಿದದ್ದನ್ನು ನನ್ನ ಹಳೆಯ ಅಭ್ಯಾಸದಂತೆ ಸರಳವಾಗಿ ವಿವರಿಸಲು ಪ್ರಯತ್ನಿಸುತ್ತೇನೆ.

ನ್ಯುಮೋನಿಯಾ, ಕೋವಿಡ್, ರಕ್ತದ ನಂಜು, ದೊಡ್ಡ ಅಪಘಾತ ಮುಂತಾದ ಕಾರಣಗಳಿಂದ ಶ್ವಾಸಕೋಶದ ಗಾಳಿಗೂಡುಗಳು ದ್ರವದಿಂದ ತುಂಬಿ, ರಕ್ತಕ್ಕೆ ಆಮ್ಲಜನಕ ಸೇರದಂತಾಗುವ ಸ್ಥಿತಿಯನ್ನು ವೈದ್ಯರು ಎಆರ್‌ಡಿಎಸ್ ಎನ್ನುತ್ತಾರೆ. ಇದನ್ನು ಮೊದಲು ಸ್ಪಷ್ಟವಾಗಿ ಗುರುತಿಸಿದ್ದು 1967ರಲ್ಲಿ, ಅಮೆರಿಕದ ಡೆನ್ವರ್‌ನ ವೈದ್ಯರು, ಕೇವಲ 12 ರೋಗಿಗಳನ್ನು ಗಮನಿಸಿ. ಇಂಥ ರೋಗಿಯ ಶ್ವಾಸಕೋಶವನ್ನು ನೀರಿನಲ್ಲಿ ಅದ್ದಿ ತೆಗೆದ ಸ್ಪಂಜಿಗೆ ಹೋಲಿಸಬಹುದು. ಸ್ಪಂಜನ್ನು ಮೇಜಿನ ಮೇಲಿಟ್ಟರೆ ಮೇಲಿನ ಪದರಗಳ ತೂಕವೆಲ್ಲ ಕೆಳಗಿನ ಪದರದ ಮೇಲೆ ಬಿದ್ದು ಅಲ್ಲಿನ ರಂಧ್ರಗಳು ಮುಚ್ಚಿಹೋಗುತ್ತವೆ. ಅಂಗಾತ ಮಲಗಿದ ರೋಗಿಯಲ್ಲಿ ಆಗುವುದೂ ಇದೇ. ದ್ರವ ತುಂಬಿ ಭಾರವಾದ ಶ್ವಾಸಕೋಶವು ತನ್ನ ಬೆನ್ನಿನ ಭಾಗವನ್ನು ತಾನೇ ಅದುಮುತ್ತದೆ. ಸಾಲದೆಂಬಂತೆ ಹೃದಯವು ಅದರ ಮೇಲೆ ಕುಳಿತಿರುತ್ತದೆ. ಹೊಟ್ಟೆಯ ಅಂಗಗಳು ವಪೆಯನ್ನು ಎದೆಗೂಡಿನೊಳಕ್ಕೆ ತಳ್ಳುತ್ತವೆ.

ಇಲ್ಲಿ ಇನ್ನೊಂದು ಸಂಗತಿಯಿದೆ. ನಾನು ಒಮ್ಮೆಯೂ ತರಗತಿಯಲ್ಲಿ ಹೇಳದಿದ್ದ ಸಂಗತಿ. ಶ್ವಾಸಕೋಶದ ಹೆಚ್ಚಿನ ಪಾಲು ಇರುವುದು ನಮ್ಮ ಎದೆಯ ಮುಂಭಾಗದಲ್ಲಲ್ಲ, ಬೆನ್ನಿನ ಕಡೆಯಲ್ಲಿ. ರಕ್ತವೂ ಹೆಚ್ಚಾಗಿ ಹರಿಯುವುದು ಆ ಕಡೆಗೇ. ರೋಗಿಯನ್ನು ಬೋರಲು ಮಲಗಿಸಿದಾಗಲೂ ಅದು ಬಹುಮಟ್ಟಿಗೆ ಹಾಗೆಯೇ ಉಳಿಯುತ್ತದೆ. ಎಂದ ಮೇಲೆ ಅಂಗಾತ ಮಲಗಿದ ರೋಗಿಯಲ್ಲಿ ಗಾಳಿ ಹೋಗುವುದು ಮುಂಭಾಗದ ಸಣ್ಣ ಪಾಲಿಗೆ, ರಕ್ತ ಹೋಗುವುದು ಹಿಂಭಾಗದ ಮುಚ್ಚಿದ ಪಾಲಿಗೆ. ಗಾಳಿ ಮತ್ತು ರಕ್ತ ಪರಸ್ಪರ ಭೇಟಿಯಾಗುವುದೇ ಇಲ್ಲ. ಬೋರಲು ಮಲಗಿಸಿದಾಗ ಹೃದಯದ ಭಾರ ಎದೆಮೂಳೆಯ ಮೇಲೆ ಬೀಳುತ್ತದೆ, ಬೆನ್ನಿನ ಕಡೆಯ ಗಾಳಿಗೂಡುಗಳು ತೆರೆದುಕೊಳ್ಳುತ್ತವೆ, ಗಾಳಿಯು ರಕ್ತವಿದ್ದಲ್ಲಿಗೆ ತಲುಪುತ್ತದೆ. ಎದೆಯ ಮೇಲೆ ಭಾರ ಬೀಳುತ್ತದೆಂದು ನಾನು ಹೆದರಿದ್ದೆನಲ್ಲ, ವಾಸ್ತವದಲ್ಲಿ ಶ್ವಾಸಕೋಶದ ಮೇಲಿನ ಭಾರವನ್ನು ಇಳಿಸುವುದಕ್ಕೆಂದೇ ಅವರು ಹಾಗೆ ಮಲಗಿಸಿದ್ದರು.

ಮತ್ತೊಂದು ಪ್ರಯೋಜನ ಇದಕ್ಕಿಂತ ಸೂಕ್ಷ್ಮವಾದುದು. ವೆಂಟಿಲೇಟರ್ ಜೀವ ಉಳಿಸುವ ಯಂತ್ರವೇನೋ ಹೌದು. ಆದರೆ ತೆರೆದಿರುವ ಅಷ್ಟಿಷ್ಟು ಭಾಗಕ್ಕೇ ಎಲ್ಲ ಗಾಳಿಯನ್ನೂ ನುಗ್ಗಿಸಿದರೆ ಆ ಭಾಗ ಅತಿಯಾಗಿ ಹಿಗ್ಗಿ ಗಾಯಗೊಳ್ಳುತ್ತದೆ. ಬೋರಲು ಮಲಗಿಸಿದಾಗ ಗಾಳಿ ಹೆಚ್ಚು ಸಮನಾಗಿ ಹಂಚಿಕೆಯಾಗಿ ಈ ಗಾಯ ತಗ್ಗುತ್ತದೆ. ಜೀವ ಉಳಿಯುವುದಕ್ಕೆ ಮುಖ್ಯ ಕಾರಣ ಇದೇ ಎಂದು ಅನೇಕ ತಜ್ಞರು ಭಾವಿಸುತ್ತಾರೆ.

ಈ ಚಿಕಿತ್ಸೆ ಅಂಗೀಕೃತವಾದ ಬಗೆಯನ್ನು ತಿಳಿದಾಗ ನನಗೆ ಬೆರಗಾಯಿತು. ಬೋರಲು ಮಲಗಿಸಿದರೆ ಒಳಿತಾಗಬಹುದೆಂಬ ಸೂಚನೆ ಬಂದದ್ದು 1974ರಲ್ಲಿ. 1976ರಲ್ಲಿ ಅಮೆರಿಕದಲ್ಲಿ ಐದೇ ಐದು ರೋಗಿಗಳಲ್ಲಿ ಇದರ ಫಲವನ್ನು ಕಂಡು ಪ್ರಕಟಿಸಿದರು. ಆಮ್ಲಜನಕದ ಪ್ರಮಾಣ ಏರಿದ್ದು ನಿಜ. ಆದರೆ 2001ರಲ್ಲಿ ಇಟಲಿಯ ಗಟ್ಟಿನೋನಿಯವರ ನೇತೃತ್ವದಲ್ಲಿ 304 ರೋಗಿಗಳ ಮೇಲೆ ಕ್ರಮಬದ್ಧ ಪ್ರಯೋಗ ನಡೆಸಿದಾಗ ಆಮ್ಲಜನಕ ಏರಿತೇ ಹೊರತು ಸಾವುಗಳು ತಗ್ಗಲಿಲ್ಲ. 2004ರಲ್ಲಿ ಫ್ರಾನ್ಸಿನಲ್ಲಿ ಇನ್ನೂ ದೊಡ್ಡ ಪ್ರಯೋಗವಾಯಿತು, ಫಲಿತಾಂಶ ಅದೇ. ಎರಡು ಸಲ ನಪಾಸಾದ ವಿದ್ಯಾರ್ಥಿಯನ್ನು ನಾವು ಶಿಕ್ಷಕರು ಏನು ಮಾಡುತ್ತೇವೆಂಬುದು ತಮಗೆ ತಿಳಿದೇ ಇದೆ. ಹಿಂದಿನ ಬೆಂಚಿಗೆ ಕಳುಹಿಸಿ ಮರೆತುಬಿಡುತ್ತೇವೆ.

ಆದರೆ ಆ ವೈದ್ಯರು ಮರೆಯಲಿಲ್ಲ. ದೋಷ ಪರೀಕ್ಷೆಯಲ್ಲೇ ಇದ್ದಿರಬಹುದೇ ಎಂದು ಯೋಚಿಸಿದರು. ಹಿಂದಿನ ಪ್ರಯೋಗಗಳಲ್ಲಿ ಅಷ್ಟೇನೂ ತೀವ್ರವಲ್ಲದ ರೋಗಿಗಳೂ ಸೇರಿದ್ದರು. ದಿನಕ್ಕೆ ಏಳೆಂಟು ಗಂಟೆ ಮಾತ್ರ ಬೋರಲು ಮಲಗಿಸಿದ್ದರು. 2004ರ ಪ್ರಯೋಗದ ನೇತೃತ್ವ ವಹಿಸಿದ್ದ ಫ್ರಾನ್ಸಿನ ಲಿಯೋನ್ ನಗರದ ಕ್ಲೋಡ್ ಗೆರಾನ್ ಅವರೇ ಮತ್ತೊಮ್ಮೆ ಪ್ರಯತ್ನಿಸಿದರು. ಈ ಬಾರಿ ತೀವ್ರ ರೋಗಿಗಳನ್ನೇ ಆರಿಸಿ, ಬೇಗನೆ ಆರಂಭಿಸಿ, ಒಂದು ಸಲಕ್ಕೆ ಕನಿಷ್ಠ 16 ಗಂಟೆ ಬೋರಲು ಇರಿಸಿದರು. ಫ್ರಾನ್ಸಿನ 26 ಮತ್ತು ಸ್ಪೇನಿನ 1 ಐಸಿಯುನಲ್ಲಿ ಒಟ್ಟು 466 ರೋಗಿಗಳು. ಪ್ರೊಸೇವಾ ಎಂಬ ಹೆಸರಿನ ಈ ಪ್ರಯೋಗದ ಫಲಿತಾಂಶ 2013ರಲ್ಲಿ ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್‌ನಲ್ಲಿ ಪ್ರಕಟವಾಯಿತು. 28 ದಿನಗಳೊಳಗೆ ಸತ್ತವರು ಅಂಗಾತ ಮಲಗಿದವರಲ್ಲಿ ನೂರಕ್ಕೆ 32.8, ಬೋರಲು ಮಲಗಿದವರಲ್ಲಿ ನೂರಕ್ಕೆ 16. ಸಾವು ಅರ್ಧಕ್ಕೆ ಇಳಿದಿತ್ತು! 1976ರಿಂದ 2013ರವರೆಗೆ 37 ವರ್ಷ. ಸೋತ ವಿಚಾರವನ್ನು ಕುರುಡಾಗಿ ನಂಬಲೂ ಇಲ್ಲ, ಕೈಬಿಡಲೂ ಇಲ್ಲ. ಏಕೆ ಸೋತೆವೆಂದು ಕೇಳಿಕೊಂಡರು. ವೈಜ್ಞಾನಿಕ ಮನೋಭಾವ ಎಂಬ ಪದವನ್ನು ನಾನು ಸಾವಿರ ಸಲ ಕಪ್ಪುಹಲಗೆಯ ಮೇಲೆ ಬರೆದಿರಬಹುದು. ಅದಕ್ಕೆ ಇಷ್ಟು ಒಳ್ಳೆಯ ಉದಾಹರಣೆಯನ್ನು ಮಾತ್ರ ಕೊಟ್ಟಿರಲಿಲ್ಲ.

ಇರಲಿ, ನನ್ನ ಮುಖ್ಯ ಅಭಿಪ್ರಾಯಕ್ಕೆ ಬರುತ್ತೇನೆ.

ಈ ಚಿಕಿತ್ಸೆಗೆ ಔಷಧಿ ಬೇಕಿಲ್ಲ, ಹೊಸ ಯಂತ್ರ ಬೇಕಿಲ್ಲ. ಬೇಕಾದುದು ಕೈಗಳು. ವೆಂಟಿಲೇಟರ್‌ನಲ್ಲಿರುವ ಒಬ್ಬ ರೋಗಿಯನ್ನು ಬೋರಲು ಮಾಡಲು ಸಾಮಾನ್ಯವಾಗಿ ಐವರು ಬೇಕು. ಒಬ್ಬರು ತಲೆಯ ಬಳಿ ನಿಂತು ಗಂಟಲಿನ ನಳಿಕೆಯನ್ನು ಹಿಡಿದಿರುತ್ತಾರೆ. ಅದು ಜಾರಿದರೆ ಪ್ರಾಣಕ್ಕೇ ಸಂಚಕಾರ. ಉಳಿದವರು ಆಚೆಗಿಬ್ಬರು ಈಚೆಗಿಬ್ಬರು ನಿಂತು, ಹಾಸಿದ ಬಟ್ಟೆಯ ಸಮೇತ ರೋಗಿಯನ್ನು ಮಂಚದ ಒಂದು ಅಂಚಿಗೆ ಸರಿಸಿ, ಮಗ್ಗುಲು ಮಾಡಿ, ಆಮೇಲೆ ಬೋರಲು ಹೊರಳಿಸುತ್ತಾರೆ. ಕಣ್ಣು ಒಣಗದಂತೆ ಮುಲಾಮು ಹಾಕಿ ಮುಚ್ಚಬೇಕು. ಎದೆ ಮತ್ತು ಸೊಂಟದ ಕೆಳಗೆ ದಿಂಬು ಕೊಟ್ಟು ಹೊಟ್ಟೆಗೆ ಆಡಲು ಅವಕಾಶ ಮಾಡಬೇಕು. ಆಗಾಗ್ಗೆ ತಲೆಯನ್ನು ಈ ಪಕ್ಕದಿಂದ ಆ ಪಕ್ಕಕ್ಕೆ ತಿರುಗಿಸಿ, ಕೈಗಳ ಭಂಗಿಯನ್ನು ಬದಲಿಸಬೇಕು. ಇಲ್ಲವಾದರೆ ಕೆನ್ನೆ, ಹಣೆ, ಗದ್ದಗಳಲ್ಲಿ ಒತ್ತಡದ ಹುಣ್ಣುಗಳಾಗುತ್ತವೆ, ತೋಳಿನ ನರಗಳಿಗೆ ಪೆಟ್ಟಾಗುತ್ತದೆ. ಫ್ರಾನ್ಸಿನ ಆ ಪ್ರಯೋಗದಲ್ಲಿ ಭಾಗವಹಿಸಿದ ಐಸಿಯುಗಳಿಗೆಲ್ಲ ಈ ಕೆಲಸದಲ್ಲಿ ಐದು ವರ್ಷಕ್ಕಿಂತ ಹೆಚ್ಚಿನ ಅನುಭವವಿತ್ತೆಂಬುದನ್ನು ಮರೆಯಬಾರದು. ಬರಿಯ ಭಂಗಿಯಿಂದ ಬಂದ ಫಲವಲ್ಲ ಅದು. ಪಳಗಿದ ಕೈಗಳೂ ಸೇರಿ ತಂದ ಫಲ.

ಮಾರುವವರಿಲ್ಲದ ವಸ್ತುವನ್ನು ಕೊಳ್ಳುವವರೂ ಇರುವುದಿಲ್ಲ. ಬೋರಲು ಮಲಗಿಸುವುದನ್ನು ಯಾವ ಕಂಪನಿಯೂ ಜಾಹೀರಾತು ಮಾಡಲಾರದು. 2014ರಲ್ಲಿ, ಅಂದರೆ ಪ್ರೊಸೇವಾ ಪ್ರಕಟವಾದ ಮರುವರ್ಷ, 50 ದೇಶಗಳ 459 ಐಸಿಯುಗಳಲ್ಲಿ ಸಮೀಕ್ಷೆ ನಡೆಸಿದಾಗ ತೀವ್ರ ಎಆರ್‌ಡಿಎಸ್ ಇದ್ದವರಲ್ಲಿ ಈ ಚಿಕಿತ್ಸೆ ದೊರೆತದ್ದು ನೂರಕ್ಕೆ 16 ಜನರಿಗೆ ಮಾತ್ರ. 2017ರಲ್ಲಿ ಅಂತಾರಾಷ್ಟ್ರೀಯ ತಜ್ಞ ಸಂಘಗಳು, ತೀವ್ರ ರೋಗಿಗಳನ್ನು ದಿನಕ್ಕೆ 12 ಗಂಟೆಗಿಂತ ಹೆಚ್ಚು ಕಾಲ ಬೋರಲು ಮಲಗಿಸಬೇಕೆಂದು ಬಲವಾಗಿಯೇ ಶಿಫಾರಸು ಮಾಡಿದವು. ಜಗತ್ತಿನಾದ್ಯಂತ ಇದು ಎಲ್ಲರ ಕಣ್ಣಿಗೆ ಬೀಳಲು ಕೋವಿಡ್ ಬರಬೇಕಾಯಿತು.

2021ರಲ್ಲಿ ನಾವೆಲ್ಲ ಏನು ಮಾಡಿದೆವು? ರೆಮ್‌ಡೆಸಿವಿರ್ ಬಾಟಲಿಗಾಗಿ ಜಿಲ್ಲೆಯಿಂದ ಜಿಲ್ಲೆಗೆ ಅಲೆದೆವು. ಕಾಳಸಂತೆಯಲ್ಲಿ ಹತ್ತು ಪಟ್ಟು ಬೆಲೆ ತೆತ್ತವರನ್ನು ನಾನು ಬಲ್ಲೆ. ಆ ಔಷಧಿಯ ಗುಣದೋಷ ಇಲ್ಲಿ ನನ್ನ ವಿಷಯವಲ್ಲ. ಆದರೆ ನಾನಾಗಲಿ, ನನ್ನಂತೆ ಅಲೆದವರಾಗಲಿ, "ನಿಮ್ಮ ಐಸಿಯುನಲ್ಲಿ ರಾತ್ರಿ ಪಾಳಿಗೆ ಎಷ್ಟು ಜನ ನರ್ಸ್‌ಗಳಿದ್ದಾರೆ?" ಎಂದು ಒಮ್ಮೆಯಾದರೂ ಕೇಳಿದೆವೇ? ಇಲ್ಲ. ವೆಂಟಿಲೇಟರ್‌ನಲ್ಲಿರುವ ಒಬ್ಬ ರೋಗಿಗೆ ಒಬ್ಬ ನರ್ಸ್ ಇರಬೇಕೆಂಬುದು ತಜ್ಞರು ಹೇಳುವ ಪ್ರಮಾಣ. ನನ್ನ ತಮ್ಮನಿದ್ದ ಕಡೆ ಒಬ್ಬ ನರ್ಸ್ ನಾಲ್ವರನ್ನು ನೋಡಿಕೊಳ್ಳುತ್ತಿದ್ದರೆಂದು ಆಮೇಲೆ ತಿಳಿಯಿತು. ಒಬ್ಬನನ್ನು ಹೊರಳಿಸಲು ಐವರು ಸೇರಿದಾಗ ಉಳಿದ ಮಂಚಗಳ ಬಳಿ ಯಾರಿರುತ್ತಿದ್ದರು? ಆ ಪಿಪಿಇ ಅಂಗಿಯೊಳಗೆ ಬೆವರಿ ಬಸವಳಿದು, ಪರರ ಮಗನನ್ನು ಮಗುವಿನಂತೆ ಮಗ್ಗುಲು ಬದಲಿಸುತ್ತಿದ್ದ ಹೆಣ್ಣುಮಗಳ ಮೇಲೆ ನಾನು ರೇಗಿದ್ದೆ.

ಯಂತ್ರ ಕೊಂಡರೆ ಉದ್ಘಾಟನೆ ಮಾಡಬಹುದು, ಹೆಸರಿನ ಫಲಕ ಹಾಕಿಸಬಹುದು. ಹತ್ತು ಜನ ನರ್ಸ್‌ಗಳನ್ನು ಕಾಯಂ ಆಗಿ ನೇಮಿಸಿ ತರಬೇತಿ ಕೊಟ್ಟರೆ ಟೇಪು ಕತ್ತರಿಸುವ ಅವಕಾಶವಿಲ್ಲ. ವೆಂಟಿಲೇಟರ್‌ಗಳು ಬಂದರೂ ನಡೆಸುವವರಿಲ್ಲದೆ ಮೂಲೆ ಸೇರಿದ ಸುದ್ದಿಗಳನ್ನು ಆ ವರ್ಷ ಪತ್ರಿಕೆಗಳಲ್ಲಿ ಓದಿದೆವು. ಪ್ರಯೋಗಾಲಯದ ಉಪಕರಣಗಳು ಬಂದು, ವಿಜ್ಞಾನ ಶಿಕ್ಷಕರ ಹುದ್ದೆ ಮಾತ್ರ ಖಾಲಿಯಿದ್ದ ಶಾಲೆಗಳನ್ನು ಕಂಡಿರುವ ನನಗೆ ಇದರಲ್ಲಿ ಆಶ್ಚರ್ಯವೇನೂ ಕಾಣಲಿಲ್ಲ. ನಮ್ಮದು ಬಡ ದೇಶ, ಇದೆಲ್ಲ ನಮ್ಮಿಂದಾಗದು ಎನ್ನುವವರಿಗೆ ನನ್ನ ಉತ್ತರವಿಷ್ಟೆ: ದುಬಾರಿ ಯಂತ್ರ ನಮ್ಮಲ್ಲಿಲ್ಲದಿರಬಹುದು, ಕೈಗಳಿಗೆ ಬರವಿಲ್ಲ. ಕೊರತೆಯಿರುವುದು ಆ ಕೈಗಳಿಗೆ ತರಬೇತಿ, ತಕ್ಕ ಸಂಬಳ, ಕಾಯಂ ಕೆಲಸ ಕೊಡುವ ಮನಸ್ಸಿಗೆ. ಸಂಬಳದ ಖರ್ಚು ದೊಡ್ಡದೆನ್ನುವುದನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಅಂಥ ಕೈಗಳಿಲ್ಲದೆ ಕೊಂಡ ಯಂತ್ರದ ಖರ್ಚು ಪೂರ್ತಿ ನಷ್ಟವೇ.

ಇಷ್ಟು ಹೇಳಿದ ಮೇಲೆ ಎರಡು ಎಚ್ಚರಿಕೆಗಳನ್ನು ಹೇಳದೆ ಮುಗಿಸಿದರೆ ತಪ್ಪಾದೀತು.

ಮೊದಲನೆಯದು: ಇದು ಮನೆಮದ್ದಲ್ಲ. 2021ರ ಏಪ್ರಿಲ್‌ನಲ್ಲಿ ಕೇಂದ್ರ ಆರೋಗ್ಯ ಸಚಿವಾಲಯವು, ಆಮ್ಲಜನಕದ ಮಟ್ಟ 94ಕ್ಕಿಂತ ಕೆಳಗಿಳಿದವರು ದಿಂಬುಗಳ ಸಹಾಯದಿಂದ ಬೋರಲು ಮಲಗಬಹುದೆಂದು ಸಲಹೆ ನೀಡಿತ್ತು. ಗರ್ಭಿಣಿಯರು, ಗಂಭೀರ ಹೃದ್ರೋಗವಿರುವವರು, ಬೆನ್ನುಮೂಳೆ ಅಥವಾ ಸೊಂಟದ ಮೂಳೆ ಮುರಿದವರು ಹಾಗೆ ಮಾಡಬಾರದೆಂದೂ ಅದರಲ್ಲೇ ಹೇಳಿತ್ತು. ಆಸ್ಪತ್ರೆಯಲ್ಲಿ ಎಚ್ಚರವಿದ್ದ ಕೋವಿಡ್ ರೋಗಿಗಳ ಮೇಲೆ ಆರು ದೇಶಗಳಲ್ಲಿ ನಡೆದ ಅಧ್ಯಯನ ಅದೇ ವರ್ಷ ಪ್ರಕಟವಾಯಿತು. ವೆಂಟಿಲೇಟರ್‌ಗೆ ಹೋದವರು ಅಥವಾ ಸತ್ತವರು ಬೋರಲು ಮಲಗಿದವರಲ್ಲಿ ನೂರಕ್ಕೆ 40, ಮಲಗದವರಲ್ಲಿ 46. ನಳಿಕೆ ಹಾಕುವ ಅಗತ್ಯ ತಗ್ಗಿತು. ಸಾವು ತಗ್ಗಿತೆಂದು ಖಚಿತವಾಗಿ ಹೇಳುವಷ್ಟು ಅಂತರ ಕಾಣಲಿಲ್ಲ. ಆದರೆ ವಾಟ್ಸಾಪ್‌ನಲ್ಲಿ ಇದು "ಆಕ್ಸಿಜನ್ ಸಿಗದಿದ್ದರೆ ಬೋರಲು ಮಲಗಿ, ಸಾಕು" ಎಂದಾಗಿಬಿಟ್ಟಿತ್ತು. ನಮ್ಮ ಬೀದಿಯ ಒಬ್ಬರು ಅದನ್ನೇ ನಂಬಿ ಎರಡು ದಿನ ಮನೆಯಲ್ಲೇ ಬೋರಲು ಮಲಗಿದ್ದು, ಕೊನೆಗೆ ಆಸ್ಪತ್ರೆ ತಲುಪುವಷ್ಟರಲ್ಲಿ ತೀರಿಕೊಂಡರು. ಬೇಗ ಬಂದಿದ್ದರೆ ಉಳಿಯುತ್ತಿದ್ದರೆಂದು ನಾನು ಹೇಳಲಾರೆ. ಆದರೆ ಆ ಎರಡು ದಿನ ಕೈತಪ್ಪಿದ್ದಂತೂ ನಿಜ.

ಎರಡನೆಯದು: ದೊಡ್ಡ ರೋಗಿಗೆ ಹಿತವಾದುದು ಎಳೆಯ ಮಗುವಿಗೆ ಅಪಾಯವಾಗಬಹುದು. ಆರೋಗ್ಯವಂತ ಹಸುಗೂಸುಗಳನ್ನು ನಿದ್ದೆಗೆ ಅಂಗಾತವಾಗಿಯೇ ಮಲಗಿಸಬೇಕು. ಬೋರಲು ಮಲಗಿಸುವ ರೂಢಿಯಿದ್ದ ಪಾಶ್ಚಾತ್ಯ ದೇಶಗಳಲ್ಲಿ ನಿದ್ದೆಯಲ್ಲೇ ಶಿಶುಗಳು ಹಠಾತ್ತನೆ ಸಾಯುವುದನ್ನು ಗಮನಿಸಿ, ಬ್ರಿಟನ್ನಿನಲ್ಲಿ 1991ರಲ್ಲೂ ಅಮೆರಿಕದಲ್ಲಿ 1994ರಲ್ಲೂ ಅಂಗಾತ ಮಲಗಿಸುವ ಪ್ರಚಾರ ಕೈಗೊಂಡ ಮೇಲೆ ಅಂಥ ಸಾವುಗಳು ಬಹಳ ಕಡಿಮೆಯಾದವು. ಭಂಗಿಯಲ್ಲಿ ಮಂತ್ರಶಕ್ತಿಯೇನೂ ಇಲ್ಲ. ಯಾರಿಗೆ, ಯಾವಾಗ, ಎಷ್ಟು ಹೊತ್ತು, ಯಾರ ಕಣ್ಗಾವಲಿನಲ್ಲಿ ಎಂಬುದೇ ಮುಖ್ಯ.

ನನ್ನ ತಮ್ಮನ ಕಥೆ ಏನಾಯಿತೆಂದು ತಾವು ಕೇಳಬಹುದು. ಅವನನ್ನು ಐದು ಸಲ ಹಾಗೆ ಬೋರಲು ಮಾಡಿದರು. ಹದಿನೆಂಟನೆಯ ದಿನ ವೆಂಟಿಲೇಟರ್ ತೆಗೆದರು. ಮನೆಗೆ ಬಂದಾಗ ಬಲಗೆನ್ನೆಯ ಮೇಲೆ ಕಪ್ಪು ಕಲೆಯಿತ್ತು, ಎಡಗೈಯ ಎರಡು ಬೆರಳು ಆರು ತಿಂಗಳು ಜೋಮು ಹಿಡಿದಂತಿದ್ದವು. ಪಕ್ಕದ ಮಂಚದಲ್ಲಿದ್ದವರನ್ನೂ ಹಾಗೆಯೇ ಬೋರಲು ಮಲಗಿಸಿದ್ದರಂತೆ, ಅವರು ಉಳಿಯಲಿಲ್ಲ.

ಆದ್ದರಿಂದ ಬೋರಲು ಮಲಗಿಸಿದ್ದೇ ನನ್ನ ತಮ್ಮನನ್ನು ಉಳಿಸಿತೆಂದು ನಾನು ಹೇಳುವಂತಿಲ್ಲ. ಫ್ರಾನ್ಸಿನ ಲೆಕ್ಕವನ್ನು ಬಿಡಿಸಿ ನೋಡಿದ್ದೇನೆ: 32.8ರಲ್ಲಿ 16 ಕಳೆದರೆ 16.8. ಎಂದರೆ ಸುಮಾರು ಆರು ಜನರನ್ನು ಬೋರಲು ಮಲಗಿಸಿದರೆ ಒಂದು ಜೀವ ಹೆಚ್ಚಾಗಿ ಉಳಿಯುತ್ತದೆ. ಅದು ಕೋವಿಡ್‌ಗಿಂತ ಮೊದಲಿನ ಲೆಕ್ಕ, ಅನುಕೂಲವಿದ್ದ ಐಸಿಯುಗಳ ಲೆಕ್ಕ. ನಮ್ಮಲ್ಲಿಗೆ ಹಾಗೆಯೇ ಹೊಂದಲಿಕ್ಕಿಲ್ಲ. ಹೊಂದಿದರೂ ಆ ಆರು ಜನರಲ್ಲಿ ಹಾಗೆ ಉಳಿದವನು ಇಂಥವನೇ ಎಂದು ಯಾವ ವೈದ್ಯರೂ ಬೆರಳಿಟ್ಟು ತೋರಿಸಲಾರರು. ಅವನು ನನ್ನ ತಮ್ಮನಾಗಿರಬಹುದು, ಆಗಿಲ್ಲದಿರಬಹುದು. ಆದರೆ ಅಂದು ರಾತ್ರಿ ನಾನು ಬೇಡವೆಂದು ಬರೆದುಕೊಟ್ಟಿದ್ದರೆ ಆ ಅವಕಾಶವನ್ನು ಅವನಿಂದ ಕಿತ್ತುಕೊಂಡವನು ನಾನಾಗುತ್ತಿದ್ದೆ. ಈ ಯೋಚನೆ ಬಂದಾಗಲೆಲ್ಲ ಇಂದಿಗೂ ಮೈ ತಣ್ಣಗಾಗುತ್ತದೆ.

ಮರುದಿನ ಬೆಳಿಗ್ಗೆ ನಾನು ತಾಯಿಗೆ ಸ್ಪಂಜಿನ ಉದಾಹರಣೆ ಹೇಳಿ ಎಲ್ಲವನ್ನೂ ವಿವರಿಸಿದ್ದೆ. ಅವರು ಪೂರ್ತಿ ಕೇಳಿ, "ಅವನು ಕೂಸಾಗಿದ್ದಾಗ ಬೋರಲು ಬೀಳೋದಕ್ಕೆ ಐದು ತಿಂಗಳು ತಗೊಂಡಿದ್ದ ಕಣೋ. ಬಿದ್ದ ದಿವಸ ಪಾಯಸ ಮಾಡಿದ್ದೆ" ಎಂದಷ್ಟೇ ಹೇಳಿದರು. ಅವನು ಮನೆಗೆ ಬಂದ ದಿನ ಪಾಯಸ ಮಾಡಿಸಿದರು ಕೂಡ.

ಓದುಗರಲ್ಲಿ ನನ್ನ ವಿನಂತಿಯಿಷ್ಟೆ. ದೇವರು ಅಂಥ ಕಾಲವನ್ನು ಯಾರಿಗೂ ತಾರದಿರಲಿ. ಬಂದರೆ, ನಿಮ್ಮವರನ್ನು ಬೋರಲು ಮಲಗಿಸಿರುವುದನ್ನು ಕಂಡು ನನ್ನಂತೆ ರೇಗಬೇಡಿ. ಏಕೆಂದು ಕೇಳಿ, ತಿಳಿದುಕೊಳ್ಳಿ. ಚುನಾವಣೆಗೆ ಮತ ಕೇಳಲು ಬಂದವರನ್ನು, ಆಸ್ಪತ್ರೆಗೆ ಯಂತ್ರ ತಂದೆವೆಂದು ಹೇಳುವವರನ್ನು, ಅದರ ಪಕ್ಕದಲ್ಲಿ ರಾತ್ರಿ ನಿಲ್ಲುವವರು ಎಷ್ಟು ಜನ ಎಂದು ತಪ್ಪದೆ ಕೇಳಿ. ಆ ನರ್ಸ್‌ನ ಹೆಸರು ನನಗೆ ಇಂದಿಗೂ ಗೊತ್ತಿಲ್ಲ, ಮುಖವನ್ನೂ ನೋಡಿಲ್ಲ. ತಮ್ಮನನ್ನು ಮನೆಗೆ ಕರೆತರುವ ದಿನ ಕ್ಷಮೆ ಕೇಳಬೇಕೆಂದು ಹುಡುಕಿದೆ. ಅವರ ಗುತ್ತಿಗೆ ಅವಧಿ ಮುಗಿದು ಹೋಗಿಬಿಟ್ಟಿದ್ದರು.

ವೈದ್ಯಕೀಯ ಬಲ್ಲವರು ಈ ಲೇಖನದಲ್ಲಿ ತಪ್ಪು ಕಂಡರೆ ದಯವಿಟ್ಟು ತಿದ್ದಬೇಕು.